ಗಾಲಿಕುರ್ಚಿ ಕೊಟ್ಟಾಯಿತು, ಆ ಮೇಲೆ?

ರಮಝಾನ್ ಸಮೀಪಿಸುತ್ತಿದ್ದಂತೆ ನಿಮ್ಮ ಮನೆಗೂ ಅಂತಹದ್ದೊಂದು ಪುಸ್ತಿಕೆ ಬಂದಿರಬಹುದು. ಅಂಗವಿಕಲರಿಗಾಗಿ ದುಡಿಯುವ ಯಾವುದೋ ಸಂಸ್ಥೆಯ ವಾರ್ಷಿಕ ವರದಿ. ಮುಖಪುಟದಲ್ಲಿ ಗಾಲಿಕುರ್ಚಿಯಲ್ಲಿ ಕುಳಿತು ನಗುತ್ತಿರುವ ಮಗು. ಒಳಪುಟಗಳಲ್ಲಿ ದಪ್ಪ ಅಕ್ಷರಗಳ ಅಂಕಿಗಳು: ಇಷ್ಟು ಗಾಲಿಕುರ್ಚಿ, ಇಷ್ಟು ಶ್ರವಣ ಸಾಧನ, ಇಷ್ಟು ಶಿಬಿರ, ಇಷ್ಟು ಸಾವಿರ ಫಲಾನುಭವಿಗಳು. ನಿಮ್ಮ ಮನಸ್ಸು ಕರಗುತ್ತದೆ. ದಾನದ ಹಣವನ್ನು ತೆಗೆದಿರಿಸುತ್ತೀರಿ.

ಕೊಡುವುದು ಒಳ್ಳೆಯದೇ. ಆದರೆ ಒಂದು ಕ್ಷಣ ನಿಂತು ಯೋಚಿಸಿ. ಆ ಗಾಲಿಕುರ್ಚಿ ಮಗುವಿನ ಮನೆಗೆ ಹೋದ ಮೇಲೆ ಏನಾಯಿತು? ಬಾಗಿಲಿನ ಹೊಸ್ತಿಲನ್ನು ದಾಟಿತೇ? ಅಂಗಳದ ಮೆಟ್ಟಿಲು ಇಳಿಯಿತೇ? ಶಾಲೆಯ ತನಕ ತಲುಪಿತೇ? ಅಥವಾ ಒಂದು ಚಕ್ರ ಹಾಳಾಗಿ, ರಿಪೇರಿ ಮಾಡುವವರಿಲ್ಲದೆ, ಬಟ್ಟೆ ಒಣಗಿಸುವ ಸಾಧನವಾಗಿ ಮೂಲೆ ಸೇರಿತೇ? ವರದಿಯ ಲೆಕ್ಕದಲ್ಲಿ ಈ ಎರಡೂ ಕುರ್ಚಿಗಳು ಒಂದೇ. ಮಗುವಿನ ಬದುಕಿನಲ್ಲಿ ಅವೆರಡೂ ಒಂದೇ ಅಲ್ಲ.

ಕೊಟ್ಟದ್ದು ಬೇರೆ, ಆದದ್ದು ಬೇರೆ

ವಾರ್ಷಿಕ ವರದಿಯಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಲೆಕ್ಕಗಳಿರಬೇಕು. ಮೊದಲನೆಯದು ಹಣ: ಎಷ್ಟು ಬಂತು, ಎಷ್ಟು ಖರ್ಚಾಯಿತು. ಎರಡನೆಯದು ಕೆಲಸ: ಎಷ್ಟು ಮಂದಿಗೆ ಏನು ಕೊಡಲಾಯಿತು. ಮೂರನೆಯದು ಫಲ: ಕೊಟ್ಟದ್ದರಿಂದ ಅವರ ಬದುಕಿನಲ್ಲಿ ಏನು ಬದಲಾಯಿತು. ಮೊದಲ ಎರಡು ಸುಲಭ. ಬಿಲ್ಲು ಮತ್ತು ಹಾಜರಿ ಪುಸ್ತಕ ಇದ್ದರೆ ಸಾಕು. ಮೂರನೆಯದಕ್ಕೆ ಮತ್ತೆ ಆ ಮನೆಯ ಬಾಗಿಲು ತಟ್ಟಬೇಕು. ಅನೇಕ ವರದಿಗಳು ಎರಡನೆಯ ಲೆಕ್ಕವನ್ನೇ ಮೂರನೆಯದೆಂಬಂತೆ ನಮ್ಮ ಮುಂದಿಡುತ್ತವೆ.

ವಿಶ್ವ ಆರೋಗ್ಯ ಸಂಸ್ಥೆಯು 2008ರಲ್ಲಿ ಗಾಲಿಕುರ್ಚಿ ವಿತರಣೆಯ ಕುರಿತು ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ ಎಂಟು ಹಂತಗಳಿವೆ. ವ್ಯಕ್ತಿಯನ್ನು ಪರೀಕ್ಷಿಸುವುದು, ಅವರ ದೇಹ ಮತ್ತು ಮನೆಗೆ ಹೊಂದುವ ಕುರ್ಚಿಯನ್ನು ಆರಿಸುವುದು, ಕೂರಿಸಿ ಸರಿಪಡಿಸುವುದು, ಬಳಸಲು ಕಲಿಸುವುದು ಅವುಗಳಲ್ಲಿ ಸೇರಿವೆ. ಕೊನೆಯದು ದುರಸ್ತಿ ಮತ್ತು ಮರುಭೇಟಿ. ವೇದಿಕೆಯಲ್ಲಿ ಸಾಲಾಗಿ ಕುರ್ಚಿ ಹಂಚಿ ಭಾವಚಿತ್ರ ತೆಗೆದರೆ ಈ ಹಂತಗಳಲ್ಲಿ ಎಷ್ಟು ಮುಗಿದವು? ಅಳತೆಗೆ ಹೊಂದದ ಕುರ್ಚಿಯಲ್ಲಿ ದಿನವಿಡೀ ಕೂತವರಿಗೆ ಒತ್ತಡದ ಹುಣ್ಣಾಗುವುದುಂಟು, ಬೆನ್ನು ಮತ್ತಷ್ಟು ಬಾಗುವುದುಂಟು. ಒಳ್ಳೆಯದನ್ನು ಮಾಡಲು ಹೊರಟ ಹಣ ಕೆಡುಕನ್ನೂ ಮಾಡಬಹುದು.

ಅಂಕಿಗಳ ಹಿಂದೆ

ಇನ್ನೊಂದು ವಿಷಯ. ಒಂದು ಮಗುವಿಗೆ ವರ್ಷದಲ್ಲಿ ನಲವತ್ತು ಬಾರಿ ಫಿಸಿಯೋಥೆರಪಿ ಮಾಡಿದರೆ ಅದು ಒಬ್ಬ ಫಲಾನುಭವಿಯೇ, ನಲವತ್ತೇ? ಎರಡೂ ರೀತಿಯಲ್ಲಿ ಬರೆಯಬಹುದು. ಆದ್ದರಿಂದ ದೊಡ್ಡ ಸಂಖ್ಯೆಯನ್ನು ಕಂಡಾಗ 'ಇದು ವ್ಯಕ್ತಿಗಳ ಸಂಖ್ಯೆಯೇ, ಭೇಟಿಗಳ ಸಂಖ್ಯೆಯೇ?' ಎಂದು ಕೇಳಬೇಕು.

ಯಾರು ಬಿಟ್ಟುಹೋದರು ಎಂಬುದನ್ನೂ ನೋಡಬೇಕು. 2011ರ ಜನಗಣತಿಯ ಪ್ರಕಾರ ಭಾರತದಲ್ಲಿ 2.68 ಕೋಟಿ ಅಂಗವಿಕಲರಿದ್ದರು. ಅವರಲ್ಲಿ 1.18 ಕೋಟಿ ಮಹಿಳೆಯರು. ನೂರರಲ್ಲಿ 69 ಮಂದಿ ಹಳ್ಳಿಗಳಲ್ಲಿದ್ದರು. ಸಾಕ್ಷರರು ನೂರಕ್ಕೆ 55 ಮಾತ್ರ. ಹಾಗಿರುವಾಗ ವರದಿಯಲ್ಲಿ ಹೆಣ್ಮಕ್ಕಳೆಷ್ಟು, ಹಳ್ಳಿಯವರೆಷ್ಟು ಎಂದು ಪ್ರತ್ಯೇಕವಾಗಿ ಬರೆದಿದೆಯೇ? 1995ರ ಕಾನೂನು ಏಳು ಬಗೆಯ ವೈಕಲ್ಯಗಳನ್ನಷ್ಟೇ ಗುರುತಿಸಿತ್ತು. 2016ರ ಕಾನೂನು 21 ಬಗೆಗಳನ್ನು ಗುರುತಿಸಿತು. ಆಟಿಸಂ ಅವುಗಳಲ್ಲೊಂದು. ಕುರ್ಚಿ ಕೊಟ್ಟದ್ದು ಚಿತ್ರದಲ್ಲಿ ಚೆನ್ನಾಗಿ ಕಾಣುತ್ತದೆ. ಆಟಿಸಂ ಇರುವ ಮಗು ಎರಡು ವರ್ಷಗಳ ತರಬೇತಿಯ ನಂತರ ತಾಯಿಯಲ್ಲಿ ನೀರು ಬೇಕೆಂದು ಕೇಳಿದ್ದು ಯಾವ ಚಿತ್ರದಲ್ಲೂ ಕಾಣುವುದಿಲ್ಲ. ತಲಾ ಖರ್ಚು ಕಡಿಮೆ ತೋರಿಸುವ ಸಂಸ್ಥೆಯೇ ಉತ್ತಮವೆಂದು ನಾವು ತೀರ್ಮಾನಿಸಿದರೆ, ಇಂತಹ ಮಕ್ಕಳನ್ನು ಯಾರು ಮುಟ್ಟಿಯಾರು?

ಫಲವನ್ನು ಅಳೆಯಲು ಕಾಲ ಬೇಕು. ನಮ್ಮ ಸರಕಾರದ ನಿಯಮವೂ ಇದನ್ನು ಒಪ್ಪಿದೆ. 2021ರಲ್ಲಿ ತಿದ್ದುಪಡಿಯಾದ ನಿಯಮಗಳಂತೆ, ಸಾಮಾಜಿಕ ಹೊಣೆಗಾರಿಕೆಗಾಗಿ ಸರಾಸರಿ 10 ಕೋಟಿ ರೂ. ಅಥವಾ ಅದಕ್ಕಿಂತ ಹೆಚ್ಚು ತೆಗೆದಿಡಬೇಕಾದ ಕಂಪೆನಿಗಳು, ತಮ್ಮ 1 ಕೋಟಿ ರೂ. ಮತ್ತು ಮೇಲ್ಪಟ್ಟ ಯೋಜನೆಗಳ ಪರಿಣಾಮವನ್ನು ಹೊರಗಿನ ಸ್ವತಂತ್ರ ಸಂಸ್ಥೆಯಿಂದ ಪರಿಶೀಲಿಸಬೇಕು. ಅದೂ ಯೋಜನೆ ಮುಗಿದು ಕನಿಷ್ಠ ಒಂದು ವರ್ಷವಾದ ಬಳಿಕ.

ನಮ್ಮ ಜಮಾಅತ್‌ನ ಸಮಿತಿಗೆ ಅಷ್ಟೆಲ್ಲ ಖರ್ಚು ಮಾಡಲಾಗದು, ನಿಜ. ಆದರೆ ಕಳೆದ ವರ್ಷ ನೆರವು ಪಡೆದ ಹತ್ತು ಮನೆಗಳಿಗೆ ಇಬ್ಬರು ಹೋಗಿ ಬರಬಹುದಲ್ಲವೇ? ಜೊತೆಗೊಬ್ಬ ಸಹೋದರಿಯೂ ಇರಲಿ. ಮನೆಯೊಳಗಿನ ಕಷ್ಟವನ್ನು ತಾಯಂದಿರು ಅವರಲ್ಲಿ ಹೇಳಿಕೊಳ್ಳುತ್ತಾರೆ. ಕೇಳಬೇಕಾದುದು ಇಷ್ಟೇ: ಕೊಟ್ಟದ್ದನ್ನು ಈಗಲೂ ಬಳಸುತ್ತಿದ್ದೀರಾ? ಮೊದಲು ಮಾಡಲಾಗದಿದ್ದ ಯಾವ ಕೆಲಸ ಈಗ ಮಾಡುತ್ತೀರಿ? ಇನ್ನೇನು ಅಡ್ಡಿಯಿದೆ? ಇದನ್ನು ವೈಕಲ್ಯವಿರುವ ವ್ಯಕ್ತಿಯಲ್ಲೇ ಕೇಳಿ. ಅವರ ಪಕ್ಕದಲ್ಲಿ ನಿಂತ ಅಣ್ಣನಲ್ಲಲ್ಲ.

ಹಂಗಿನ ಭಾವಚಿತ್ರ ಬೇಡ

ದಾನ ಕೊಟ್ಟು ಎತ್ತಾಡುವುದು, ನೋಯಿಸುವುದು ಆ ದಾನವನ್ನೇ ನಿಷ್ಫಲಗೊಳಿಸುತ್ತದೆಂದು ಕುರ್‌ಆನ್ ಅಲ್‌ಬಕರಃ ಅಧ್ಯಾಯದಲ್ಲಿ ಎಚ್ಚರಿಸಿದೆ. ಹಾಗಿರುವಾಗ ನಮ್ಮ ಹಣಕ್ಕೆ ಪುರಾವೆಯೆಂದು ಒಂದು ಮಗುವಿನ ಅಸಹಾಯಕ ಮುಖವನ್ನು ಊರಿಗೆಲ್ಲ ಹಂಚಬೇಕೇ? ಲೆಕ್ಕ ಪಾರದರ್ಶಕವಾಗಿರಲಿ, ಮುಖಗಳಲ್ಲ.

ಅಬಸ ಅಧ್ಯಾಯದ ಹಿನ್ನೆಲೆ ನಿಮಗೆ ಗೊತ್ತಿದೆ. ಪ್ರವಾದಿಯವರು(ಸ) ಕುರೈಶ್ ನಾಯಕರೊಡನೆ ಮಾತನಾಡುತ್ತಿದ್ದಾಗ ಅಂಧರಾದ ಅಬ್ದುಲ್ಲಾ ಬಿನ್ ಉಮ್ಮಿ ಮಕ್ತೂಮ್(ರ) ಬಂದರು. ಅವರತ್ತ ಗಮನ ಹರಿಸದ್ದಕ್ಕೆ ಅಲ್ಲಾಹನು ಪ್ರವಾದಿಯವರನ್ನೇ(ಸ) ಎಚ್ಚರಿಸಿದನು. ಮುಂದೆ ಅದೇ ಅಬ್ದುಲ್ಲಾ(ರ) ಮದೀನಾದಲ್ಲಿ ಅದಾನ್ ಕೊಡುವವರಾದರು. ಪ್ರವಾದಿಯವರು(ಸ) ಊರಲ್ಲಿಲ್ಲದಾಗ ಮದೀನಾದ ಹೊಣೆಯನ್ನೂ ವಹಿಸಿದರು. ಅವರಿಗೆ ಏನು ಹಂಚಲಾಯಿತು ಎಂದು ನಾವು ನೆನೆಯುವುದಿಲ್ಲ. ಸಮಾಜದಲ್ಲಿ ಅವರಿಗೆ ಯಾವ ಸ್ಥಾನ ಸಿಕ್ಕಿತು ಎಂಬುದನ್ನು ನೆನೆಯುತ್ತೇವೆ. ಫಲವೆಂದರೆ ಇದೇ.

ಆದ್ದರಿಂದ ಮುಂದಿನ ಬಾರಿ ವರದಿ ಕೈಗೆ ಬಂದಾಗ ಸಂಸ್ಥೆಗೊಂದು ಪತ್ರ ಬರೆಯಿರಿ. ಕಳೆದ ವರ್ಷ ಕೊಟ್ಟವುಗಳಲ್ಲಿ ಎಷ್ಟು ಈಗಲೂ ಬಳಕೆಯಲ್ಲಿವೆ ಎಂದು ಕೇಳಿ. ಇಷ್ಟು ಸಫಲವಾಯಿತು, ಇಷ್ಟು ವಿಫಲವಾಯಿತು, ಅದರಿಂದ ಇದನ್ನು ಕಲಿತೆವು ಎಂದು ಉತ್ತರಿಸುವ ಸಂಸ್ಥೆಯಿಂದ ದೂರ ಸರಿಯಬೇಡಿ. ಸೋಲನ್ನು ಬರೆಯುವ ಧೈರ್ಯವಿರುವವರ ಕೈಯಲ್ಲಿ ನಿಮ್ಮ ಅಮಾನತ್ ಹೆಚ್ಚು ಸುರಕ್ಷಿತ. ಕೊಟ್ಟ ಹಣದ ಬಗ್ಗೆ ಅವರು ಉತ್ತರಿಸಬೇಕು. ಎಲ್ಲಿಗೆ ಕೊಟ್ಟೆವು, ವಿಚಾರಿಸಿ ಕೊಟ್ಟೆವೇ ಎಂಬುದಕ್ಕೆ ನಾಳೆ ನಾವೂ ಉತ್ತರಿಸಬೇಕಾಗಿದೆ.