ಊರಿಗೆ ಹೊರಟಾಗ ಬಿಪಿಯ ಫೈಲನ್ನೂ ಕಟ್ಟಿಕೊಳ್ಳಿ



ಮೇ ತಿಂಗಳು ಬಂತೆಂದರೆ ಬೊರಿವಲಿಯಿಂದ ಉಡುಪಿ, ಕುಂದಾಪುರ, ಮಂಗಳೂರಿಗೆ ಹೋಗುವ ಬಸ್ಸುಗಳಲ್ಲಿ ಸೀಟು ಸಿಗುವುದು ಕಷ್ಟ. ಮಕ್ಕಳಿಗೆ ರಜೆ, ಊರಲ್ಲಿ ಮದುವೆ, ನೇಮ, ಪೂಜೆ. ವಿಜಯಪುರ, ಕಲಬುರಗಿ ಕಡೆಯವರು ಜಾತ್ರೆ, ಬಿತ್ತನೆ ಅಂತ ಹೊರಡುತ್ತಾರೆ. ಬ್ಯಾಗಿನಲ್ಲಿ ಎಲ್ಲವೂ ಇರುತ್ತದೆ, ಬಿಪಿಯ ಫೈಲು ಮಾತ್ರ ಇಲ್ಲೇ ಕಪಾಟಿನಲ್ಲಿ ಉಳಿಯುತ್ತದೆ. ಇವತ್ತು ಆ ಫೈಲಿನ ಬಗ್ಗೆ ನಾಲ್ಕು ಮಾತು.

ನನ್ನ ಬಳಿ ಬಂದ ಒಬ್ಬರ ವಿಷಯ ಹೇಳುತ್ತೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ವಯಸ್ಸು ಐವತ್ತು ದಾಟಿದೆ, ಹೋಟೆಲಿನಲ್ಲಿ ಕ್ಯಾಶಿಯರ್. ಎರಡು ವರ್ಷದಿಂದ ಒಂದು ಸರಕಾರಿ ದವಾಖಾನೆಯಲ್ಲಿ ಬಿಪಿಗೆ ಎರಡು ಬಗೆಯ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಏಪ್ರಿಲ್‌ನಲ್ಲಿ ನೋಡಿದಾಗ ಬಿಪಿ 128/82. ಒಂದು ತಿಂಗಳ ಮಾತ್ರೆ ಕಟ್ಟಿಕೊಂಡು ಊರಿಗೆ ಹೋದರು. ಅಲ್ಲಿ ತಾಯಿಗೆ ಹುಷಾರಿಲ್ಲದೆ ಚೌತಿಯವರೆಗೂ ಉಳಿಯಬೇಕಾಯಿತು. ಮಾತ್ರೆ ಮುಗಿದಾಗ ಹತ್ತಿರದ ಡಾಕ್ಟರ ಬಳಿ ಹೋಗಿ, "ಬಿಪಿಗೆ ಮಾತ್ರೆ ಉಂಟು, ಹೆಸರು ಗೊತ್ತಿಲ್ಲ, ಬಿಳಿ ಬಣ್ಣದ್ದು" ಎಂದರು. ಅವರು ಒಂದು ಬಗೆಯ ಮಾತ್ರೆ ಬರೆದುಕೊಟ್ಟರು. ಆ ಸ್ಟ್ರಿಪ್ ಮುಗಿದ ಮೇಲೆ, ತಲೆನೋವಿಲ್ಲ, ತಲೆಸುತ್ತಿಲ್ಲ, ಇನ್ನೇಕೆ ಎಂದು ಬಿಟ್ಟುಬಿಟ್ಟರು. ಆಗಸ್ಟಿನ ಒಂದು ಬೆಳಿಗ್ಗೆ ಬಲಗೈ ಎತ್ತಲಾಗಲಿಲ್ಲ, ಮಾತು ತೊದಲಿತು. ನನ್ನ ಬಳಿ ಬಂದಾಗ ಕೈಯಲ್ಲಿ ಊರುಗೋಲು ಇತ್ತು.

ಆ ದವಾಖಾನೆಯ ರಿಜಿಸ್ಟರಿನಲ್ಲಿ ಇವರ ಹೆಸರಿನ ಮುಂದೆ ಏನಿತ್ತು ಗೊತ್ತೇ? "ಬಂದಿಲ್ಲ." ಅಷ್ಟೇ. ಆರೋಗ್ಯ ಕಾರ್ಯಕರ್ತೆ ಎರಡು ಸಲ ಫೋನು ಮಾಡಿದ್ದರಂತೆ. ಆದರೆ ಬರೆಸಿದ್ದ ನಂಬರು ಇವರು ಹಿಂದೆ ಕೆಲಸಕ್ಕಿದ್ದ ಹೋಟೆಲಿನದು.

*ಸರಕಾರ ಬಿಪಿಯ ಲೆಕ್ಕ ಹೇಗೆ ಇಡುತ್ತದೆ?*

2017ರ ನವೆಂಬರ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ, ಐಸಿಎಂಆರ್, ರಾಜ್ಯ ಸರಕಾರಗಳು ಮತ್ತು ವಿಶ್ವ ಆರೋಗ್ಯ ಸಂಸ್ಥೆ ಸೇರಿ ಭಾರತದ ಅಧಿಕ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮವನ್ನು ಶುರುಮಾಡಿದವು. ಮೊದಲ ಐದು ರಾಜ್ಯಗಳಲ್ಲಿ ಮಹಾರಾಷ್ಟ್ರವೂ ಒಂದು. ಇಲ್ಲಿ ಮೊದಲು ಆಯ್ಕೆಯಾದ ಜಿಲ್ಲೆಗಳಲ್ಲಿ ನಾವು ಕೊಂಕಣ ರೈಲಿನಲ್ಲಿ ಊರಿಗೆ ಹೋಗುವಾಗ ದಾಟುವ ಸಿಂಧುದುರ್ಗವೂ ಇತ್ತು.

ಇದರ ಲೆಕ್ಕದ ಕ್ರಮ ಕ್ಷಯರೋಗದ ಕಾರ್ಯಕ್ರಮದಿಂದ ಬಂದದ್ದು. ಕಾರೆಲ್ ಸ್ಟಿಬ್ಲೊ ಎಂಬ ವೈದ್ಯರು ಟಾಂಜಾನಿಯಾದಲ್ಲಿ ಇದನ್ನು ರೂಢಿಗೆ ತಂದರು. ಒಂದೇ ಅವಧಿಯಲ್ಲಿ ಹೆಸರು ಬರೆಸಿದವರನ್ನೆಲ್ಲ ಒಂದು ಗುಂಪು ಮಾಡಿ, ಕೊನೆಗೆ ಅವರಲ್ಲಿ ಒಬ್ಬೊಬ್ಬರೂ ಏನಾದರು ಎಂದು ಕೇಳುವುದು. ಬಿಪಿಯಲ್ಲಿ ಉತ್ತರ ಮೂರು: ಬಿಪಿ 140/90ಕ್ಕಿಂತ ಕೆಳಗಿದೆ, ಕೆಳಗಿಲ್ಲ, ಅಥವಾ ಕಳೆದ ಮೂರು ತಿಂಗಳಲ್ಲಿ ಮನುಷ್ಯ ಬಂದೇ ಇಲ್ಲ.

ಒಂದು ಉದಾಹರಣೆ ನೋಡಿ. 100 ಜನ ಹೆಸರು ಬರೆಸಿದ್ದಾರೆ. 60 ಜನ ಬಂದರು, ಅವರಲ್ಲಿ 45 ಮಂದಿಯ ಬಿಪಿ ಹತೋಟಿಯಲ್ಲಿದೆ. ಬಂದವರನ್ನಷ್ಟೇ ಎಣಿಸಿದರೆ 75 ಶೇಕಡಾ ಯಶಸ್ಸು, ಕೇಳಲು ಬಹಳ ಚೆನ್ನ. ಎಲ್ಲರನ್ನೂ ಎಣಿಸಿದರೆ 45 ಶೇಕಡಾ. ಕಾರ್ಯಕ್ರಮ ಎರಡನೆಯ ಲೆಕ್ಕವನ್ನೇ ಹಿಡಿಯುತ್ತದೆ, ಅದೇ ಸರಿ. ಬಾರದ 40 ಜನರಲ್ಲಿಯೇ ಮಾತ್ರೆ ಬಿಟ್ಟವರು ಇರುವ ಸಾಧ್ಯತೆ ಹೆಚ್ಚು. ಆದರೆ ಆ 40ರಲ್ಲಿ ಊರಿನಲ್ಲಿ ಸರಿಯಾಗಿ ಮಾತ್ರೆ ನುಂಗುತ್ತಿರುವವರೂ ಇರುತ್ತಾರೆ, ಬೇರೆ ಡಾಕ್ಟರ ಬಳಿ ಹೋದವರೂ ಇರುತ್ತಾರೆ, ತೀರಿಹೋದವರೂ ಇರಬಹುದು. ರಿಜಿಸ್ಟರಿಗೆ ಎಲ್ಲರೂ ಒಂದೇ: "ಬಂದಿಲ್ಲ."

*ಲೆಕ್ಕ ಎಲ್ಲೆಲ್ಲಿ ತಪ್ಪುತ್ತದೆ?*

ಮೊದಲನೆಯದು, ನಮ್ಮಂಥವರ ಓಡಾಟ. ಅಲ್ಲೂ ಮನೆ, ಇಲ್ಲೂ ಮನೆ. ಇಲ್ಲಿ ಆಪಲಾ ದವಾಖಾನಾದಲ್ಲಿ ಒಂದು ಹೆಸರು, ಅಲ್ಲಿ ನಮ್ಮ ಕ್ಲಿನಿಕ್‌ನಲ್ಲೋ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ಇನ್ನೊಂದು ಹೆಸರು. ಹಳೆಯ ನಂಬರು ತೋರಿಸದೆ ಹೊಸದಾಗಿ ಬರೆಸಿದರೆ ಒಬ್ಬರೇ ಮನುಷ್ಯ ಇಬ್ಬರಾಗುತ್ತಾರೆ. ಅದರಲ್ಲಿ ಒಬ್ಬರು ಸದಾ "ಬಂದಿಲ್ಲ". ಆಧಾರ್‌ನಲ್ಲಿ ಊರಿನ ಹೆಸರು ಸೇರಿದೆ, ಇಲ್ಲಿಯ ಕೇಸ್ ಪೇಪರಿನಲ್ಲಿ ಸರ್‌ನೇಮ್ ಬೇರೆ ಇದೆ ಎಂದರಂತೂ ಎರಡೂ ಒಬ್ಬರೇ ಎಂದು ಕಂಪ್ಯೂಟರಿಗೂ ಗೊತ್ತಾಗುವುದಿಲ್ಲ.

ಎರಡನೆಯದು, ನಾವು ಖಾಸಗಿ ಡಾಕ್ಟರುಗಳು. ಇದನ್ನು ಒಪ್ಪಿಕೊಳ್ಳಲೇಬೇಕು. ಕ್ಷಯರೋಗಿ ಬಂದರೆ ಸರಕಾರಕ್ಕೆ ತಿಳಿಸಬೇಕೆಂಬ ಆದೇಶ 2012ರಿಂದ ಇದೆ. ಬಿಪಿಗೆ ಅಂಥ ಆದೇಶ ಇಲ್ಲ. ನೀವು ಸರಕಾರಿ ದವಾಖಾನೆ ಬಿಟ್ಟು ನನ್ನ ಬಳಿ ಬಂದರೆ ನಿಮ್ಮ ಬಿಪಿ ನನ್ನ ಫೈಲಿನಲ್ಲಿ ಇರುತ್ತದೆ, ಅಲ್ಲಿ ನೀವು ಕಾಣೆಯಾದವರು.

ಮೂರನೆಯದು, ಅಂಕಿ. ಸರತಿಯಲ್ಲಿ ತುಂಬ ಜನ ಇದ್ದಾಗ 137 ಇದ್ದದ್ದು 140 ಆಗುತ್ತದೆ, 143 ಇದ್ದದ್ದೂ 140 ಆಗುತ್ತದೆ. ಸೊನ್ನೆಯಲ್ಲಿ ಮುಗಿಸಿ ಬರೆಯುವ ಅಭ್ಯಾಸ ಎಲ್ಲ ದೇಶಗಳಲ್ಲೂ ಇದೆ. ಗೆರೆ ಇರುವುದೇ 140ರಲ್ಲಿ. ಆದ್ದರಿಂದ ಎರಡು ಮೂರು ಅಂಕಿಯ ವ್ಯತ್ಯಾಸದಲ್ಲಿ ನಿಮ್ಮ ಮಾತ್ರೆ ಸುಮ್ಮನೆ ಹೆಚ್ಚಬಹುದು, ಅಥವಾ ಹೆಚ್ಚಬೇಕಾದದ್ದು ಹೆಚ್ಚದೆ ಇರಬಹುದು.

*ಇದರಿಂದ ನಮಗೇನು?*

"ಲೆಕ್ಕ ಸರಕಾರದ ತಲೆನೋವು" ಎನ್ನಬೇಡಿ. ರಿಜಿಸ್ಟರಿನಲ್ಲಿ ಎಷ್ಟು ಜನ ಇದ್ದಾರೆ, ಎಷ್ಟು ಜನ ಬರುತ್ತಿದ್ದಾರೆ ಎಂಬುದನ್ನು ನೋಡಿಯೇ ಆಮ್ಲೊಡಿಪಿನ್, ಟೆಲ್ಮಿಸಾರ್ಟಾನ್ ಮಾತ್ರೆಗಳನ್ನು ತರಿಸಬೇಕಾಗುತ್ತದೆ. ಲೆಕ್ಕ ತಪ್ಪಿದರೆ ಒಂದು ಕಡೆ ಮಾತ್ರೆ ಸಾಲದು, ಇನ್ನೊಂದು ಕಡೆ ಅವಧಿ ಮೀರಿ ಹಾಳಾಗುತ್ತದೆ.

ಅದಕ್ಕಿಂತ ದೊಡ್ಡದು ನಿಮ್ಮ ಪ್ರಾಣದ ವಿಷಯ. ಬಿಪಿ ನೋವು ಕೊಡುವ ರೋಗವಲ್ಲ. ಹೆಚ್ಚಿನವರಿಗೆ ಏರಿದ್ದು ತಿಳಿಯುವುದೇ ಇಲ್ಲ. ನಿಮ್ಮ ದೇಹ ಹೇಳದ ಮಾತನ್ನು ಹೇಳುವುದು ಆ ಕಾರ್ಡಿನಲ್ಲಿರುವ ಅಂಕಿಗಳ ಸಾಲು ಮಾತ್ರ. ಅದನ್ನು ನೋಡದ ಹೊಸ ಡಾಕ್ಟರು ಮೊದಲಿನಿಂದ ಶುರುಮಾಡುತ್ತಾರೆ. ಕ್ಯಾಶಿಯರ್ ಅವರಿಗೆ ಆದದ್ದು ಅದೇ: ಎರಡು ಬಗೆಯ ಮಾತ್ರೆ ಬೇಕಾದ ಕಡೆ ಒಂದೇ ಸಿಕ್ಕಿತು. ಮೆಟೊಪ್ರೊಲಾಲ್, ಅಟೆನೊಲಾಲ್‌ನಂಥ ಮಾತ್ರೆಗಳನ್ನು ಒಮ್ಮೆಲೇ ನಿಲ್ಲಿಸಿದರೆ ಹೃದಯಕ್ಕೇ ಅಪಾಯ. ಹೆಸರು ಗೊತ್ತಿಲ್ಲದಿದ್ದರೆ ನೀವು ಯಾವುದನ್ನು ನಿಲ್ಲಿಸಿದಿರಿ ಎಂದು ಯಾರಿಗೂ ತಿಳಿಯುವುದಿಲ್ಲ.

ಕ್ಷಯರೋಗದಲ್ಲಿ ಇದಕ್ಕೆ ಒಂದು ದಾರಿ ಮಾಡಿದ್ದಾರೆ. ರೋಗಿಗೆ ನಿಕ್ಷಯ್ ನಂಬರು ಇರುತ್ತದೆ. ಮುಂಬಯಿಯಲ್ಲಿ ಚಿಕಿತ್ಸೆ ಶುರುವಾಗಿ ನಡುವೆ ಕಾರ್ಕಳಕ್ಕೆ ಹೋಗಬೇಕಾದರೆ, ಇಲ್ಲಿ ಹೇಳಿದರೆ ಸಾಕು, ದಾಖಲೆಯನ್ನು ಅಲ್ಲಿಗೆ ವರ್ಗಾಯಿಸುತ್ತಾರೆ. ಬಿಪಿ, ಸಕ್ಕರೆ ಕಾಯಿಲೆಗೂ ದಾಖಲೆ ಜೊತೆಗೇ ಬರಲೆಂದು 14 ಅಂಕಿಯ ಆಭಾ ನಂಬರು ಬಂದಿದೆ. ಆದರೆ ಅದು ಕೆಲಸ ಮಾಡಬೇಕಾದರೆ ಎರಡೂ ಕಡೆ ಅದೇ ನಂಬರು ಬರೆಸಬೇಕು. ಅಲ್ಲಿಯವರೆಗೆ ಮುಂಬಯಿಗೂ ಊರಿಗೂ ನಡುವಿನ ಸೇತುವೆ ನೀವೇ.

*ಈ ಆರು ಕೆಲಸ ಮಾಡಿ*

1. ಮಾತ್ರೆಯ ಸ್ಟ್ರಿಪ್, ಡಾಕ್ಟರ ಚೀಟಿ, ಬಿಪಿ ಕಾರ್ಡು, ಮೂರರ ಫೋಟೋ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಸ್ಟ್ರಿಪ್ಪಿನಲ್ಲಿ ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ ಎಂಬುದು ಕಾಣಬೇಕು. ಮನೆಯ ಇನ್ನೊಬ್ಬರಿಗೂ ಕಳಿಸಿ. ಗುಂಪುಗಳಲ್ಲಿ ಹಾಕಬೇಡಿ.

2. ಊರಿಗೆ ಹೊರಡುವ ವಾರ ಮೊದಲೇ ದವಾಖಾನೆಗೆ ಹೋಗಿ, "ಊರಿಗೆ ಹೋಗುತ್ತಿದ್ದೇನೆ, ಇಂಥ ತಿಂಗಳು ಬರುತ್ತೇನೆ" ಎಂದು ಬರೆಸಿ. ಹೆಚ್ಚಿನ ದಿನದ ಮಾತ್ರೆ ಸಿಗುವುದೇ ಎಂದು ಕೇಳಿ.

3. ನಿಮ್ಮ ಸ್ವಂತ ನಂಬರು ಕೊಡಿ, ಜೊತೆಗೆ ಊರಿನ ಮನೆಯವರದೂ ಒಂದು. ಧಣಿಗಳಿಗೆ ರೋಗ ತಿಳಿಯಬಾರದು ಎಂದಿದ್ದರೆ ಹೋಟೆಲಿನ ನಂಬರು ಕೊಡಲೇಬೇಡಿ. ಸಿಮ್ ಬದಲಿಸಿದರೆ ಹೊಸ ನಂಬರು ಬರೆಸಿ.

4. ಊರಿನಲ್ಲಿ ಬಿಪಿ ನೋಡಿಸಿದ ತಾರೀಖು ಮತ್ತು ಅಂಕಿಯನ್ನು ಅದೇ ಕಾರ್ಡಿನಲ್ಲಿ ಬರೆಸಿ. ಮರಳಿ ಬಂದ ಮೇಲೆ ಇಲ್ಲಿ ತೋರಿಸಿ.

5. ಬಿಪಿ ನೋಡುವ ಮೊದಲು ಐದು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ಬೆನ್ನಿಗೆ ಒರಗು, ಪಾದ ನೆಲದ ಮೇಲೆ. ಅದಕ್ಕೆ ಮೊದಲು ಅರ್ಧ ಗಂಟೆ ಚಹಾ, ಬೀಡಿ ಬೇಡ. "ಇನ್ನೊಮ್ಮೆ ನೋಡುತ್ತೀರಾ, ಬಂದ ಅಂಕಿಯನ್ನೇ ಬರೆಯುತ್ತೀರಾ" ಎಂದು ಕೇಳಲು ಸಂಕೋಚ ಬೇಡ.

6. ದವಾಖಾನೆ ಬದಲಿಸಿದರೆ ಹಳೆಯ ಕಡೆ ಒಂದು ಮಾತು ತಿಳಿಸಿ. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಅದನ್ನೂ ತಿಳಿಸಿ. ಆ ಹೊತ್ತಿನಲ್ಲಿ ಇದು ನೆನಪಾಗುವುದು ಕಷ್ಟ ಎಂದು ಗೊತ್ತು. ಆದರೆ ಊರಲ್ಲಿ ಹೋದ ಜೀವ ಇಲ್ಲಿ "ಬಂದಿಲ್ಲ" ಎಂದೇ ಉಳಿದರೆ, ಬಿಪಿಯಿಂದ ನಮ್ಮವರು ಎಷ್ಟು ಮಂದಿ ಹೋಗುತ್ತಿದ್ದಾರೆ ಎಂಬುದು ಎಂದಿಗೂ ತಿಳಿಯುವುದಿಲ್ಲ.

ಕೈಕಾಲು ಬಲ ಕಳೆದುಕೊಂಡರೆ, ಬಾಯಿ ವಾರೆಯಾದರೆ, ಮಾತು ತೊದಲಿದರೆ, ಎದೆನೋವು ಬಂದರೆ ಫೈಲು ಹುಡುಕುತ್ತಾ ಕೂರಬೇಡಿ. 108ಕ್ಕೆ ಫೋನು ಮಾಡಿ, ಕೂಡಲೇ ಆಸ್ಪತ್ರೆಗೆ ಹೋಗಿ.

ನಮ್ಮ ಕ್ಯಾಶಿಯರ್ ಈಗ ನಿಧಾನವಾಗಿ ನಡೆಯುತ್ತಾರೆ, ಎಡಗೈಯಲ್ಲಿ ಲೆಕ್ಕ ಬರೆಯಲು ಕಲಿತಿದ್ದಾರೆ. ಕಳೆದ ಸಲ ಬಂದಾಗ ಜೇಬಿನಿಂದ ಪ್ಲಾಸ್ಟಿಕ್ ಕವರಿನಲ್ಲಿಟ್ಟ ಕಾರ್ಡು ತೆಗೆದು ಮೇಜಿನ ಮೇಲಿಟ್ಟರು. "ಡಾಕ್ಟ್ರೇ, ನಾಡಿದ್ದು ಊರಿಗೆ ಹೊರಟೆ. ದವಾಖಾನೆಯಲ್ಲಿ ಹೇಳಿ ಬಂದಿದ್ದೇನೆ" ಎಂದರು.

ನೀವೂ ಹೊರಡುವ ಮೊದಲು ಹೇಳಿ ಹೊರಡಿ. ಈ ತಿಂಗಳು ಊರಿಗೆ ಟಿಕೆಟ್ ಮಾಡಿಸಿದವರು ನಿಮ್ಮ ಪರಿಚಯದಲ್ಲಿದ್ದರೆ ಇದನ್ನು ಅವರಿಗೆ ಕಳಿಸಿ.

— ನಿಮ್ಮ ಹೃದ್ರೋಗ ವೈದ್ಯ, ಎಂ.ಡಿ., ಬೊರಿವಲಿ