ಕಳ್ಳಿಗೆ ನೆರೆಹೊರೆ ಬೇಡವೆ?

ಕಳ್ಳಿ, ಕತ್ತಾಳೆ, ಲೋಳೆಸರಗಳಂಥ ರಸಭರಿತ ಸಸ್ಯಗಳು ಬರಿಯ ಮರಳಿನಲ್ಲಿ ಏಕಾಂಗಿಯಾಗಿ ಬಾಳತಕ್ಕವೆಂದೂ, ಅವುಗಳ ಮಗ್ಗುಲಲ್ಲಿ ಜಲ್ಲಿ ಹರಡಬಹುದೇ ಹೊರತು ಮತ್ತೊಂದು ಗಿಡವನ್ನು ನೆಡಬಾರದೆಂದೂ ನಂಬಿದವರು ಬಹುಮಂದಿ. ಈ ನಂಬಿಕೆಗೆ ಕ್ಯಾಲೆಂಡರಿನ ಚಿತ್ರಗಳು ಆಧಾರವಾಗಿರಬಹುದು, ಪ್ರಕೃತಿಯಂತೂ ಅಲ್ಲ. ಇಂಥ ಸಸ್ಯಗಳ ವೈವಿಧ್ಯದಲ್ಲಿ ಜಗತ್ತಿಗೇ ಅಗ್ರಗಣ್ಯವಾದ, ಚಳಿಗಾಲದಲ್ಲಿ ಮಳೆ ಕಾಣುವ ದಕ್ಷಿಣ ಆಫ್ರಿಕದ ಪಶ್ಚಿಮದ ಕರೂ ಸೀಮೆಯಲ್ಲಿ, ಎಳೆಯ ಸಸಿಯು ಎಷ್ಟೋ ವೇಳೆ ಕುರುಚಲು ಪೊದೆಯ ಆಶ್ರಯದಲ್ಲಿ, ಸುಡುಬಿಸಿಲಿನಿಂದಲೂ ಮೇಯುವ ಬಾಯಿಗಳಿಂದಲೂ ಪಾರಾಗಿ ಬೆಳೆಯುತ್ತದೆ. ಲಾಕೆನೇಲಿಯ, ಬಬಿಯಾನ ಮೊದಲಾದ ಗಡ್ಡೆಗಿಡಗಳು ಮಳೆಯೊಡನೆ ಚಿಗುರಿ, ಅಲ್ಲಿನ ವಸಂತವಾದ ಆಗಸ್ಟ್–ಸೆಪ್ಟೆಂಬರಿನಲ್ಲಿ ಕಿತ್ತಳೆ ಬಣ್ಣದ ಡೇಸಿಗಳೊಡನೆ ಅರಳಿ, ಬೇಸಗೆ ಬಲಿಯುವಷ್ಟರಲ್ಲಿ ಮಣ್ಣಿನೊಳಗೆ ಅಡಗಿಬಿಡುತ್ತವೆ.

ಹಾಗಾದರೆ ಸ್ವಲ್ಪವೇ ನೀರು ಸಾಕೆನ್ನುವ ಯಾವ ಗಿಡವಾದರೂ ಸಂಗಾತಿಯಾದೀತೆಂಬುದು ಇದಕ್ಕಿಂತ ಅಪಾಯಕರವಾದ ಭ್ರಮೆ. ಇಲ್ಲಿ ನೋಡಬೇಕಾದದ್ದು ಯಾವ ಋತುವಿನಲ್ಲಿ ನೀರು ಬೇಕೆಂಬುದನ್ನು. ಕರೂವಿನ ಕೋನೊಫೈಟಮ್ ಎಂಬ ಬೆಣಚುಕಲ್ಲಿನಷ್ಟು ಪುಟ್ಟ ಸಸ್ಯವು ಬೇಸಗೆಯಲ್ಲಿ ತನ್ನ ಹಳೆಯ ಎಲೆಗಳನ್ನೇ ಬತ್ತಿಸಿ, ಕಾಗದದಂಥ ತೆಳು ಪೊರೆಯಾಗಿ ಹೊದ್ದು, ಹೊಸ ಎಲೆಜೋಡಿಯನ್ನು ಅದರೊಳಗೆ ಕಾಪಾಡಿಕೊಂಡು ವಿಶ್ರಮಿಸುತ್ತದೆ. ಬೇಸಗೆಯುದ್ದಕ್ಕೂ ನೀರು ಬೇಡುವ ಹೂಗಿಡವನ್ನು ಅದರ ಪಕ್ಕದಲ್ಲಿ ನೆಟ್ಟವನು ಅದನ್ನು ಕೊಳೆಸಿದಂತೆಯೇ ಸರಿ.

ಮೆಕ್ಸಿಕೊ ಮೂಲದ ಕಳ್ಳಿ ಕತ್ತಾಳೆಗಳಲ್ಲಿ ಬಹುಪಾಲಿನ ಸ್ವಭಾವ ಇದಕ್ಕೆ ವಿಪರೀತ: ಅವು ಬೇಸಗೆಯ ಮಳೆಯನ್ನುಂಡು ಬೆಳೆದವು, ಚಳಿಯೂ ತೇವವೂ ಒಟ್ಟಿಗೆ ಬಂದರೆ ತಾಳಲಾರವು. ಮುಂಗಾರಿನ ಲೆಕ್ಕವನ್ನೇ ಮನಸ್ಸಿನಲ್ಲಿಟ್ಟುಕೊಂಡು, ಚಳಿಗಾಲದಲ್ಲಿ ಮಳೆ ಕಾಣುವ ಕ್ಯಾಲಿಫೋರ್ನಿಯದಲ್ಲಿ ಮನೆ ಮಾಡಿದ ನಮ್ಮವರು ಎಡವುವುದೂ ಇಲ್ಲಿಯೇ. ಅದೇ ರಾಜ್ಯದ ವಾಲ್ನಟ್ ಕ್ರೀಕಿನಲ್ಲಿ 1972ರಲ್ಲಿ ತೋಟವನ್ನಾರಂಭಿಸಿದ ರೂತ್ ಬ್ಯಾಂಕ್ರಾಫ್ಟ್ ಎಂಬಾಕೆ, ಆ ಡಿಸೆಂಬರಿನ ಹಿಮಗಾಳಿಗೆ ಹೆಚ್ಚುಕಡಮೆ ಎಲ್ಲವನ್ನೂ ಕಳೆದುಕೊಂಡು ಮತ್ತೆ ಮೊದಲಿನಿಂದ ನೆಟ್ಟಳು. ನೀರು ನಿಲ್ಲದಂತೆ ಎತ್ತರಿಸಿದ ಮಣ್ಣದಿಬ್ಬಗಳೂ, ಚಳಿಗಾಲದಲ್ಲಿ ಸೂಕ್ಷ್ಮ ಗಿಡಗಳ ಮೇಲೆ ಕಟ್ಟುವ ಪ್ಲಾಸ್ಟಿಕ್ ಹೊದಿಕೆಗಳೂ ಆ ತೋಟದ ಪದ್ಧತಿಗಳಾಗಿವೆ. ನೆಲಕ್ಕೆ ಎರಡು ಬುಟ್ಟಿ ಮರಳು ಬೆರೆಸಿ ಕೈತೊಳೆದುಕೊಳ್ಳುವವರು ಇದನ್ನು ಗಮನಿಸಬೇಕು.

ತಾನಾಗಿ ಹುಟ್ಟುವ ಗಿಡಗಳು ನಿರುಪದ್ರವಿಗಳೆಂಬ ಮಾತೂ ಅರ್ಧಸತ್ಯ. ಶರತ್ಕಾಲದ ಮೊದಲ ಮಳೆಗೆ ಮೊಳೆತು, ವಸಂತದಲ್ಲಿ ಹೂಬಿಟ್ಟು, ಬೇಸಗೆಯಲ್ಲಿ ಒಣಗುವ ಕ್ಯಾಲಿಫೋರ್ನಿಯ ಪಾಪಿಯು ಚಳಿಮಳೆಯ ತೋಟಕ್ಕೆ ಸೊಗಸಾದ ಜೊತೆಗಾರನೇ. ಆದರೆ ದೊಡ್ಡ ಕತ್ತಾಳೆಯ ಬಳಿ ಒಪ್ಪುವ ಅದರ ದಟ್ಟ ಎಲೆ, ಅಂಗೈಯಗಲದ ಸಸ್ಯವನ್ನು ತಿಂಗಳುಗಟ್ಟಲೆ ಬೆಳಕಿಗೂ ಗಾಳಿಗೂ ಎರವಾಗಿಸುವುದರಿಂದ, ಪಾಪಿಯ ಸಸಿಗಳು ಬೆರಳುದ್ದವಾಗುವ ಮೊದಲೇ ಇಂಥ ಚಿಕ್ಕ ಸಸ್ಯಗಳ ಸುತ್ತ ಗೇಣಗಲದೊಳಗೆ ಹುಟ್ಟಿದವನ್ನು ಕಿತ್ತುಹಾಕತಕ್ಕದ್ದು.