ನಾರುಹುಣ್ಣೂ ಕೊಕ್ಕೆಹುಳವೂ

ಕನ್ನಡವೂ ಮರಾಠಿಯೂ ಕೂಡಿ ನಡೆಯುವ ಬೆಳಗಾವಿಯ ಸೀಮೆಯಲ್ಲಿ ಒಂದು ಹುಳದ ಬೇನೆಗೆ ಉಭಯ ಭಾಷೆಗಳಲ್ಲಿಯೂ ಹೆಚ್ಚುಕಡಿಮೆ ಒಂದೇ ಹೆಸರುಂಟು. ಕನ್ನಡದಲ್ಲಿ ಅದು ನಾರುಹುಣ್ಣು, ಮರಾಠಿಯಲ್ಲಿ ನಾರೂ. ಕಾಲಿನ ಹುಣ್ಣಿನಿಂದ ಎರಡು ಮೂರು ಅಡಿ ಉದ್ದದ ಹೆಣ್ಣುಹುಳವು ನಾರಿನ ಎಳೆಯಂತೆ ಹೊರಬರುವುದೇ ಕನ್ನಡದ ಹೆಸರಿಗೆ ಕಾರಣ. ಆದರೆ ಈ ಹೆಸರು ಹುಳವು ಹೊರಡುವ ದಾರಿಯನ್ನು ಸೂಚಿಸುವುದೇ ಹೊರತು ಒಳಹೊಗುವ ದಾರಿಯನ್ನು ಸೂಚಿಸದು. ರೋಗನಿವಾರಣೆಯ ಮರ್ಮವಾದರೋ ಈ ಎರಡನೆಯದರಲ್ಲಿಯೇ ಅಡಗಿರುವುದು.

ನಾರುಹುಳದ ಮರಿಗಳು ನೀರಿನಲ್ಲಿರುವ ಅತಿಸೂಕ್ಷ್ಮವಾದ ಒಂದು ಜಲಕೀಟದೊಳಗೆ ಬೆಳೆಯುತ್ತವೆ. ಅಂತಹ ನೀರನ್ನು ಸೋಸದೆ ಕುಡಿದವನ ದೇಹದಲ್ಲಿ ಸುಮಾರು ಒಂದು ವರ್ಷದ ತರುವಾಯ ಹುಳವು ತಲೆದೋರುವುದು. ಉರಿ ತಾಳಲಾರದೆ ರೋಗಿಯು ಮೆಟ್ಟಿಲುಬಾವಿಗೆ ಇಳಿದು ಕಾಲನ್ನು ನೀರಿಗಿಟ್ಟೊಡನೆ ಹುಳವು ಅಸಂಖ್ಯಾತ ಮರಿಗಳನ್ನು ಅಲ್ಲಿ ಬಿಡುವುದು. ಹೀಗೆ ಊರಿನ ಬಾವಿಯೇ ಊರಿನ ರೋಗಮೂಲವಾಗುತ್ತಿತ್ತು. ಉತ್ತರ ಕರ್ನಾಟಕದ ಒಣನಾಡು ಈ ಬೇನೆಯನ್ನು ಬಹುಕಾಲ ಅನುಭವಿಸಿತು. ಇದಕ್ಕೆ ಔಷಧವಿರಲಿಲ್ಲ, ಲಸಿಕೆಯೂ ಇರಲಿಲ್ಲ, ಇಂದಿಗೂ ಇಲ್ಲ. ಆದರೂ 1983–84ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮವು ನೀರನ್ನು ಬಟ್ಟೆಯಿಂದ ಸೋಸುವುದು, ಮೆಟ್ಟಿಲುಬಾವಿಗಳನ್ನು ಸೇದುಬಾವಿಗಳನ್ನಾಗಿ ಮಾರ್ಪಡಿಸುವುದು, ಕೊಳವೆಬಾವಿಗಳನ್ನು ತೋಡಿಸುವುದು ಮುಂತಾದ ಉಪಾಯಗಳಿಂದಲೇ ಇದನ್ನು ಗೆದ್ದಿತು. ಭಾರತದ ಕಡೆಯ ರೋಗಿಯು 1996ರಲ್ಲಿ ರಾಜಸ್ಥಾನದಲ್ಲಿ ಕಂಡುಬಂದನು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ದೇಶವನ್ನು ಈ ರೋಗದಿಂದ ಮುಕ್ತವೆಂದು ಸಾರಿತು.

ಮಲಪ್ರಭೆಯು ಹುಟ್ಟುವ ಕಣಕುಂಬಿಯು ಖಾನಾಪುರ ತಾಲ್ಲೂಕಿನಲ್ಲಿದೆ. ಸಹ್ಯಾದ್ರಿಯ ಮಳೆ, ಮರಗಳ ನೆರಳು, ಸದಾ ತೇವವಾದ ಮಣ್ಣು—ಇಂತಹ ನೆಲವು ಕೊಕ್ಕೆಹುಳಕ್ಕೆ ಅನುಕೂಲವಾದುದು. ಬಯಲಲ್ಲಿ ಬಿದ್ದ ಮಲದೊಡನೆ ಮಣ್ಣನ್ನು ಸೇರಿದ ತತ್ತಿಗಳು ಒಂದೆರಡು ದಿನಗಳಲ್ಲಿ ಒಡೆದು, ವಾರದೊಳಗಾಗಿ ಅಥವಾ ತುಸು ತಡವಾಗಿ ಮರಿಗಳು ಮನುಷ್ಯನನ್ನು ಸೇರಲು ಶಕ್ತವಾಗುತ್ತವೆ. ಅವು ಬರಿಗಾಲಿನ ಚರ್ಮವನ್ನು ಕೊರೆದು, ರಕ್ತದ ಮೂಲಕ ಶ್ವಾಸಕೋಶವನ್ನೂ, ಅಲ್ಲಿಂದ ಗಂಟಲನ್ನೂ ಸೇರಿ, ನುಂಗಲ್ಪಟ್ಟು, ಸಣ್ಣಕರುಳಿಗೆ ಕಚ್ಚಿಕೊಂಡು ರಕ್ತವನ್ನು ಹೀರುತ್ತವೆ. ಚರ್ಮದ ಮೂಲಕ ಪ್ರವೇಶಿಸುವ ಈ ರೀತಿಯನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈಜಿಪ್ತದಲ್ಲಿದ್ದ ಆರ್ತರ್ ಲೂಸ್ ಎಂಬ ವಿದ್ವಾಂಸನು ಕಂಡುಹಿಡಿದನು. ರಕ್ತಹೀನತೆಯೂ ಆಯಾಸವೂ ಇದರ ಫಲ. ಗರ್ಭಿಣಿಯರಿಗೂ ಬೆಳೆಯುವ ಮಕ್ಕಳಿಗೂ ಇದರ ಹಾನಿ ಅಧಿಕ.

ಬೆಳಗಾವಿಯಂತಹ ನಗರದಲ್ಲಿ ದಾರಿ ಬೇರೆ. ಕೊಚ್ಚೆನೀರು ತಗಲಿದ ಹಸಿ ತರಕಾರಿ, ತೊಳೆಯದ ಕೈ—ಇವುಗಳ ಮೂಲಕ ದುಂಡುಹುಳದ ತತ್ತಿಯು ಬಾಯನ್ನು ಸೇರುವುದು. ಕೈಯನ್ನು ಸಾಬೂನಿನಿಂದ ತೊಳೆಯುವುದೂ ತರಕಾರಿಯನ್ನು ಚೆನ್ನಾಗಿ ತೊಳೆದು ಬೇಯಿಸುವುದೂ ಇಲ್ಲಿಯ ರಕ್ಷೆ. ಪಾದರಕ್ಷೆಯೂ ಶೌಚಗೃಹವೂ ಅಲ್ಲಿಯ ರಕ್ಷೆ.

2015ರಲ್ಲಿ ಆರಂಭವಾದ ರಾಷ್ಟ್ರೀಯ ಜಂತುಹುಳ ನಿವಾರಣಾ ದಿನದಂದು 1ರಿಂದ 19 ವರ್ಷದವರಿಗೆ ಆಲ್ಬೆಂಡಜೋಲ್ ಮಾತ್ರೆಯನ್ನು ಕೊಡಲಾಗುತ್ತದೆ. ಮಾತ್ರೆಯು ಕರುಳನ್ನು ಶುದ್ಧಿಗೊಳಿಸಬಲ್ಲದು, ನೆಲವನ್ನಲ್ಲ. ಅಂತೆಯೇ ಗುಣವಾದ ಬಾಲಕನು ಅದೇ ಮಣ್ಣಿನಲ್ಲಿ ನಡೆದು ಮತ್ತೆ ಹುಳವನ್ನು ಪಡೆಯುವನು. ಔಷಧವಿಲ್ಲದ ನಾರುಹುಣ್ಣು ದೇಶದಿಂದ ತೊಲಗಿತು. ಔಷಧವುಳ್ಳ ಕೊಕ್ಕೆಹುಳವು ಇನ್ನೂ ಉಳಿದಿದೆ. ಹುಳದ ದಾರಿಯನ್ನು ದೇಹದ ಹೊರಗೆಯೇ ಕಡಿಯಬೇಕೆಂಬುದಕ್ಕೆ ಇದಕ್ಕಿಂತ ಮಿಗಿಲಾದ ಪ್ರಮಾಣವು ಬೇಕಿಲ್ಲ.